ಗರ್ಭಿಣಿಯ ಎದೆಬಡಿತ ತಪ್ಪಿದರೆ ಪ್ರಾಣಾಪಾಯವೇ? ಒಬ್ಬ ಊರ ಡಾಕ್ಟರ್ 40 ವರ್ಷ ಹುಡುಕಿದ ಉತ್ತರ

ಬಸುರಿಯಲ್ಲಿ ಎದೆ ಡವಡವ ಎಂದರೆ ಹಾರ್ಟ್ ಕೆಟ್ಟಿದೆ ಎಂದರ್ಥ, ಹಾರ್ಟಿನ ಮಾತ್ರೆ ನುಂಗಿದರೆ ಮಗುವಿಗೆ ಕುತ್ತು, ಬಡಿತ ಸರಿಪಡಿಸಲು ಕರೆಂಟ್ ಶಾಕ್ ಕೊಟ್ಟರೆ ಮಗು ಉಳಿಯುವುದಿಲ್ಲ, ಹೃದಯದ ತೊಂದರೆ ಇದ್ದವಳಿಗೆ ಮದುವೆಯನ್ನೇ ಮಾಡಬಾರದು. ಇಂಥ ಫಾರ್ವರ್ಡ್‌ಗಳಲ್ಲಿ ಒಂದಾದರೂ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಬಂದಿರಬಹುದು. ಇದರ ಜೊತೆಗೆ ತದ್ವಿರುದ್ಧವಾದ ಇನ್ನೊಂದು ಮಾತೂ ಓಡಾಡುತ್ತದೆ: ಬಸುರಿಯಲ್ಲಿ ಏದುಸಿರು, ಎದೆ ಹೊಡೆತ ಎಲ್ಲಾ ಮಾಮೂಲು, ಹೆರಿಗೆಯಾದ ಮೇಲೆ ತಾನೇ ಹೋಗುತ್ತದೆ, ಡಾಕ್ಟರ್ ಹತ್ತಿರ ಓಡಬೇಡಿ.

ಒಂದು ಮಾತು ಸುಮ್ಮನೆ ಹೆದರಿಸುತ್ತದೆ. ಇನ್ನೊಂದು ಹೆದರಬೇಕಾದಾಗಲೂ ಸುಮ್ಮನಿರಿಸುತ್ತದೆ. ಎರಡರಿಂದಲೂ ಜೀವ ಹೋಗಬಹುದು. ಹಾಗಾದರೆ ಯಾವ ಬಡಿತಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಈ ಪ್ರಶ್ನೆಯನ್ನು ಬೆನ್ನು ಹತ್ತಿ ಜೀವನವನ್ನೇ ಕಳೆದ ಒಬ್ಬ ಡಾಕ್ಟರ್ ಇದ್ದರು. ಅವರ ಹೆಸರು ಸರ್ ಜೇಮ್ಸ್ ಮೆಕೆಂಜಿ. ಅವರು ತೀರಿಕೊಂಡು 100 ವರ್ಷ ಕಳೆದಿದೆ. ಆಳಂದ, ಅಫಜಲಪುರ, ಜೇವರ್ಗಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಇವತ್ತು ಡಾಕ್ಟರ್ ಗರ್ಭಿಣಿಯ ನಾಡಿ ಹಿಡಿದು ಇದಕ್ಕೆ ಮದ್ದು ಬೇಡ, ಇದಕ್ಕೆ ಬೇಕು ಎಂದು ಬೇರ್ಪಡಿಸಿ ಹೇಳುತ್ತಾರಲ್ಲ, ಆ ತಿಳಿವಳಿಕೆಗೆ ದೊಡ್ಡ ತಳಪಾಯ ಹಾಕಿದವರಲ್ಲಿ ಇವರೂ ಒಬ್ಬರು. ಈ ಲೇಖನದಲ್ಲಿ ಅವರ ಕಥೆ ಹೇಳುತ್ತಾ, ಇವತ್ತಿನ ವೈದ್ಯಕೀಯ ಏನು ಹೇಳುತ್ತದೆ ಎಂಬುದನ್ನೂ ನೋಡೋಣ.

ರೈತನ ಮಗ, ಉರು ಹೊಡೆಯಲು ಬಾರದ ಹುಡುಗ

ಮೆಕೆಂಜಿ ಹುಟ್ಟಿದ್ದು 1853ರ ಏಪ್ರಿಲ್ 12ರಂದು, ಸ್ಕಾಟ್ಲೆಂಡಿನ ಪರ್ತ್ ಪಟ್ಟಣದ ಹತ್ತಿರದ ಸ್ಕೋನ್ ಎಂಬಲ್ಲಿ. ಮನೆಯವರು ಒಕ್ಕಲುತನದವರು. ಶಾಲೆಯಲ್ಲಿ ಹುಡುಗ ಹೇಳಿಕೊಳ್ಳುವಂಥ ಬುದ್ಧಿವಂತನೇನಲ್ಲ. ಆ ಕಾಲದ ಪಾಠವೆಂದರೆ ಉರು ಹೊಡೆದು ಒಪ್ಪಿಸುವುದು, ಅದು ಅವನಿಗೆ ಆಗುತ್ತಿರಲಿಲ್ಲ. ಸುಮಾರು 15ನೇ ವಯಸ್ಸಿಗೆ ಶಾಲೆ ಬಿಟ್ಟು ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ.

ಕೆಲವು ವರ್ಷ ಔಷಧಿ ಅರೆದು, ಪೊಟ್ಟಣ ಕಟ್ಟಿ ಕೊಟ್ಟ ಮೇಲೆ ತಾನೇ ಡಾಕ್ಟರ್ ಆಗಬೇಕು ಅನ್ನಿಸಿತು. ಎಡಿನ್‌ಬರೊ ವಿಶ್ವವಿದ್ಯಾಲಯ ಸೇರಿ 1878ರಲ್ಲಿ ವೈದ್ಯಕೀಯ ಪದವಿ ಪಡೆದರು. ಮರುವರ್ಷ, 1879ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ಬರ್ನ್ಲಿ ಎಂಬ ಊರಿಗೆ ಬಂದು ಅಲ್ಲಿನ ಹಿರಿಯ ಡಾಕ್ಟರುಗಳ ಜೊತೆ ಪ್ರಾಕ್ಟೀಸ್ ಶುರು ಮಾಡಿದರು.

ಬರ್ನ್ಲಿ ಹತ್ತಿ ಬಟ್ಟೆಯ ಊರು. ಕಲಬುರಗಿಯ ಎಂಎಸ್‌ಕೆ ಮಿಲ್ಲಿನ ಕಾಲವನ್ನು ಹಿರಿಯರ ಬಾಯಲ್ಲಿ ಕೇಳಿದವರಿಗೆ ಈ ಊರನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಮಗ್ಗಗಳ ಸದ್ದು, ಹೊಗೆ, ಒತ್ತಾದ ಸಣ್ಣ ಮನೆಗಳು, ಗಂಡಸರಷ್ಟೇ ಹೆಂಗಸರೂ ಮಿಲ್ಲಿಗೆ ಹೋಗುವ ದಿನಚರಿ. ಅಂಥ ಊರಿನಲ್ಲಿ ಜನರಲ್ ಪ್ರಾಕ್ಟೀಸ್ ಎಂದರೆ ಜ್ವರ, ಗಾಯ, ಕೆಮ್ಮು, ಮುದುಕರ ಕಾಯಿಲೆ, ಮತ್ತೆ ಮನೆಮನೆಗೆ ಹೋಗಿ ಮಾಡಿಸುವ ಹೆರಿಗೆ. ಎಲ್ಲವೂ ಒಬ್ಬನೇ ಡಾಕ್ಟರನ ತಲೆಯ ಮೇಲೆ.

ಆ ಹೆರಿಗೆ

ಬರ್ನ್ಲಿಗೆ ಬಂದ ಆರಂಭದ ದಿನಗಳಲ್ಲಿ ಮೆಕೆಂಜಿ ಒಬ್ಬ ತರುಣ ಗರ್ಭಿಣಿಯನ್ನು ನೋಡಿಕೊಳ್ಳುತ್ತಿದ್ದರು. ಅವಳಿಗೆ ಹೃದಯದ ತೊಂದರೆ ಇತ್ತು. ಆದರೆ ಅದರಿಂದ ಹೆರಿಗೆಯ ಹೊತ್ತಿಗೆ ಏನಾಗಬಹುದು ಎಂಬುದು ಅವರಿಗೆ ತಿಳಿಯಲಿಲ್ಲ. ಹೆರಿಗೆ ನೋವು ಶುರುವಾದಾಗ ಅವಳ ಹೃದಯ ಸೋತಿತು. ಡಾಕ್ಟರ್ ಪಕ್ಕದಲ್ಲೇ ಇದ್ದರೂ ಏನೂ ಮಾಡಲಾಗದೆ ಅವಳು ತೀರಿಕೊಂಡಳು.

ಹೆರಿಗೆಯಲ್ಲಿ ತಾಯಿ ಸಾಯುವುದು ಆ ಕಾಲದಲ್ಲಿ ಅಪರೂಪವೇನಲ್ಲ. ಎಷ್ಟೋ ಡಾಕ್ಟರುಗಳು ವಿಧಿ ಎಂದು ಮುಂದೆ ಹೋಗುತ್ತಿದ್ದರು. ಮೆಕೆಂಜಿಗೆ ಹಾಗೆ ಹೋಗಲಾಗಲಿಲ್ಲ. ತನಗೆ ಮೊದಲೇ ಗೊತ್ತಿದ್ದರೆ ಅವಳನ್ನು ಉಳಿಸಬಹುದಿತ್ತೇ ಎಂಬ ಪ್ರಶ್ನೆ ಅವರನ್ನು ಕಾಡಿತು. ಪುಸ್ತಕಗಳನ್ನು ತೆರೆದು ನೋಡಿದರು. ಹೃದಯದ ಸದ್ದುಗಳ ಬಗ್ಗೆ ಪುಟಗಟ್ಟಲೆ ಬರೆದಿತ್ತು. ಆದರೆ ಯಾವ ಸದ್ದು, ಯಾವ ತಪ್ಪು ಬಡಿತ ಇದ್ದವರು ಮುಂದೆ ಏನಾಗುತ್ತಾರೆ, ಯಾರು ಹೆರಿಗೆಯನ್ನು ತಡೆದುಕೊಳ್ಳುತ್ತಾರೆ, ಯಾರು ತಡೆದುಕೊಳ್ಳುವುದಿಲ್ಲ ಎಂಬುದಕ್ಕೆ ಉತ್ತರ ಇರಲಿಲ್ಲ.

ಉತ್ತರವನ್ನು ತಾವೇ ಹುಡುಕಬೇಕೆಂದು ನಿರ್ಧರಿಸಿದರು. ಊರ ಡಾಕ್ಟರನಿಗೆ ಇರುವ ಒಂದು ಅನುಕೂಲ ಅವರಿಗಿತ್ತು. ದೊಡ್ಡ ಆಸ್ಪತ್ರೆಯ ಡಾಕ್ಟರ್ ರೋಗಿಯನ್ನು ಕೆಲವು ದಿನ ನೋಡುತ್ತಾನೆ. ಊರ ಡಾಕ್ಟರ್ ಅದೇ ಮನುಷ್ಯರನ್ನು 10 ವರ್ಷ, 20 ವರ್ಷ ನೋಡುತ್ತಾನೆ. ಮೆಕೆಂಜಿ ಒಬ್ಬೊಬ್ಬರ ನಾಡಿಯನ್ನೂ ಬರೆದಿಟ್ಟುಕೊಂಡು, ವರ್ಷಗಳ ನಂತರ ಅವರು ಹೇಗಿದ್ದಾರೆ ಎಂದು ನೋಡತೊಡಗಿದರು.

ಬರ್ನ್ಲಿಯಲ್ಲಿ ಏನಾಗಿರಬಹುದು? ಸೊನ್ನ ಬ್ಯಾರೇಜ್ ನೆನಪಿಸಿಕೊಳ್ಳಿ

ಹೃದಯದ ತೊಂದರೆ ಇರುವ ಗರ್ಭಿಣಿ ಹೆರಿಗೆಯಲ್ಲಿ ಯಾಕೆ ಕುಸಿಯುತ್ತಾಳೆ? ಇದನ್ನು ಇವತ್ತಿನ ತಿಳಿವಳಿಕೆಯಿಂದ ಅರ್ಥಮಾಡಿಕೊಳ್ಳೋಣ.

ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು ಶೇ 40ರಿಂದ 50ರಷ್ಟು ಹೆಚ್ಚುತ್ತದೆ. ನಾಡಿಯೂ ನಿಮಿಷಕ್ಕೆ 10ರಿಂದ 20 ಬಡಿತ ಏರುತ್ತದೆ. ಮಗುವಿಗೆ ಬೇಕಾದ ಆಹಾರ, ಆಮ್ಲಜನಕ ತಲುಪಬೇಕಲ್ಲ, ಅದಕ್ಕೆ. ಆರೋಗ್ಯವಂತ ಹೃದಯ ಈ ಹೊರೆಯನ್ನು ಹೊರುತ್ತದೆ. ಹಾಗಾಗಿ ಸ್ವಲ್ಪ ಜೋರಾದ ಎದೆಬಡಿತ ಬಹಳಷ್ಟು ಗರ್ಭಿಣಿಯರಲ್ಲಿ ಸಹಜವೇ.

ಆದರೆ ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದವರ ವಿಷಯ ಬೇರೆ. ಗಂಟಲು ನೋವು, ಅದರ ಹಿಂದೆ ಜ್ವರ, ಮೊಣಕಾಲು ಮೊಣಕೈ ಬಾವು ಬಂದು ವಾಸಿಯಾಗಿರುತ್ತದೆ, ಮನೆಯವರು ಮರೆತೂ ಬಿಟ್ಟಿರುತ್ತಾರೆ. ಆ ಜ್ವರ ಕೆಲವರ ಹೃದಯದ ಕವಾಟಕ್ಕೆ ಪೆಟ್ಟು ಕೊಟ್ಟು ಹೋಗಿರುತ್ತದೆ. ಎಡಭಾಗದ ಮೈಟ್ರಲ್ ಕವಾಟ ವರ್ಷಗಳು ಕಳೆದಂತೆ ದಪ್ಪಗಾಗಿ, ಬಾಗಿಲು ಕಿರಿದಾಗುತ್ತದೆ. ಇದನ್ನು ಮೈಟ್ರಲ್ ಸ್ಟೆನೋಸಿಸ್ ಎನ್ನುತ್ತಾರೆ. ಶ್ರೀಮಂತ ದೇಶಗಳಲ್ಲಿ ಈಗ ಅಪರೂಪವಾದ ಇದು ನಮ್ಮ ದೇಶದ ಗರ್ಭಿಣಿಯರ ಹೃದಯ ಕಾಯಿಲೆಗಳಲ್ಲಿ ಇಂದಿಗೂ ಮುಖ್ಯವಾದದ್ದು.

ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜ್ ನೋಡಿದವರು ಹೀಗೆ ಯೋಚಿಸಿ. ಭೀಮಾ ನದಿಗೆ ಮೇಲಿನಿಂದ ನೀರು ಹೆಚ್ಚು ಬರುತ್ತಿದೆ, ಆದರೆ ಗೇಟು ಅರ್ಧಕ್ಕೇ ಸಿಕ್ಕಿಕೊಂಡಿದೆ. ನೀರು ಎಲ್ಲಿಗೆ ಹೋಗುತ್ತದೆ? ಹಿಂದಕ್ಕೆ ಏರಿ ದಡದ ಹೊಲಗಳಿಗೆ ನುಗ್ಗುತ್ತದೆ. ಇಲ್ಲಿ ನೀರು ಎಂದರೆ ಗರ್ಭಿಣಿಯ ಹೆಚ್ಚಾದ ರಕ್ತ, ಗೇಟು ಎಂದರೆ ಕಿರಿದಾದ ಕವಾಟ, ಹೊಲ ಎಂದರೆ ಅವಳ ಶ್ವಾಸಕೋಶ. ರಕ್ತ ಮುಂದೆ ಹರಿಯಲು ಪ್ರತಿ ಬಡಿತದ ನಡುವೆ ಸಿಗುವ ಬಿಡುವೇ ದಾರಿ. ನಾಡಿ ಓಡತೊಡಗಿದರೆ ಆ ಬಿಡುವೂ ಕಡಿಮೆ. ಶ್ವಾಸಕೋಶದಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ಹೆರಿಗೆಯ ನೋವು, ತಿಣುಕುವಿಕೆ ನಾಡಿಯನ್ನು ಇನ್ನೂ ಓಡಿಸುತ್ತವೆ. ಮಗು ಹೊರಬಂದ ಕೂಡಲೇ ಗರ್ಭಕೋಶ ಕುಗ್ಗಿ, ಅಲ್ಲಿದ್ದ ರಕ್ತವೂ ಹೃದಯದ ಕಡೆ ಬರುತ್ತದೆ. ಅದಕ್ಕೇ ಹೆರಿಗೆಯ ಹೊತ್ತು ಮತ್ತು ಆಮೇಲಿನ ಕೆಲವು ದಿನಗಳು ಇಂಥವರಿಗೆ ಅತ್ಯಂತ ಕಷ್ಟದ ಹೊತ್ತು.

ಕುತ್ತಿಗೆಯ ನಾಡಿ, ಕೈಯ ನಾಡಿ, ಒಂದೇ ಕಾಗದದ ಮೇಲೆ

ಮೆಕೆಂಜಿಯ ಕಾಲದಲ್ಲಿ ಇಸಿಜಿ ಇರಲಿಲ್ಲ. ಕೈಯ ನಾಡಿ ಹಿಡಿದರೆ ಹೃದಯದ ಕೆಳಗಿನ ಕೋಣೆ ಯಾವಾಗ ಬಡಿಯಿತು ಎಂಬುದಷ್ಟೇ ಗೊತ್ತಾಗುತ್ತದೆ. ಮೇಲಿನ ಕೋಣೆ ಏನು ಮಾಡುತ್ತಿದೆ? ಅದನ್ನು ಕುತ್ತಿಗೆಯ ಪಕ್ಕದ ರಕ್ತನಾಳದ ಸಣ್ಣ ಅಲುಗಾಟದಲ್ಲಿ ಓದಬಹುದು ಎಂದು ಅವರು ಕಂಡುಕೊಂಡರು. ಮೊದಲು ಇದ್ದ ಒಂದು ನಾಡಿ ಯಂತ್ರವನ್ನೇ ಮಾರ್ಪಡಿಸಿ, ಮಸಿ ಹಿಡಿಸಿದ ಕಾಗದದ ಮೇಲೆ ಎರಡೂ ಕಡೆಯ ನಾಡಿಯ ಗೆರೆ ಬರುವಂತೆ ಮಾಡಿದರು. ಆಮೇಲೆ ಪಕ್ಕದ ಪ್ಯಾಡಿಹ್ಯಾಮ್ ಊರಿನ ಗಡಿಯಾರದ ಕೆಲಸದವರಾದ ಸೆಬಾಸ್ಟಿಯನ್ ಶಾ ಅವರ ಸಹಾಯದಿಂದ ಶಾಯಿಯಲ್ಲಿ ಬರೆಯುವ ಯಂತ್ರ ಸಿದ್ಧವಾಯಿತು. ಅದೇ ಪಾಲಿಗ್ರಾಫ್. ಬಟ್ಟೆ ಮಿಲ್ಲಿನ ಊರಿನ ಒಬ್ಬ ಡಾಕ್ಟರ್ ಮತ್ತು ಒಬ್ಬ ಗಡಿಯಾರದವರು ಸೇರಿ ಮಾಡಿದ ಈ ಪೆಟ್ಟಿಗೆಯನ್ನು ರೋಗಿಯ ಮನೆಗೇ ಒಯ್ಯಬಹುದಿತ್ತು.

ಹಗಲು ರೋಗಿಗಳು, ರಾತ್ರಿ ಗೆರೆಗಳು. ಹೀಗೆ ವರ್ಷಗಟ್ಟಲೆ ನೋಡಿದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು: ತಪ್ಪುವ ಬಡಿತಗಳೆಲ್ಲ ಒಂದೇ ಜಾತಿಯವಲ್ಲ.

ಒಂದನೆಯದು ಮಕ್ಕಳಲ್ಲಿ, ತರುಣರಲ್ಲಿ ಕಾಣುವಂಥದ್ದು. ಉಸಿರು ಒಳಗೆಳೆದಾಗ ನಾಡಿ ಓಡುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಇದು ಕಾಯಿಲೆಯೇ ಅಲ್ಲ.

ಎರಡನೆಯದು, ಒಂದು ಬಡಿತ ಹೊತ್ತಿಗೆ ಮುಂಚೆ ಬಂದು, ಆಮೇಲೆ ಒಂದು ಕ್ಷಣ ಹೃದಯ ನಿಂತಂತೆ ಅನ್ನಿಸುವುದು. ಇದಾದಾಗ ಜನ ಬಹಳ ಹೆದರುತ್ತಾರೆ. ಆದರೆ ಹೀಗಾಗುತ್ತಿದ್ದ ರೋಗಿಗಳನ್ನು ಮೆಕೆಂಜಿ ವರ್ಷಗಟ್ಟಲೆ ನೋಡಿದರು. ಹೃದಯದಲ್ಲಿ ಬೇರೆ ದೋಷ ಇಲ್ಲದಿದ್ದರೆ ಅವರು ದುಡಿದುಕೊಂಡು ಚೆನ್ನಾಗಿಯೇ ಇದ್ದರು.

ಮೂರನೆಯದು ಬೇರೆಯೇ. ನಾಡಿಗೆ ತಾಳವೇ ಇಲ್ಲ, ಒಂದು ಬಡಿತ ಹತ್ತಿರ, ಇನ್ನೊಂದು ದೂರ, ಒಂದು ಜೋರು, ಇನ್ನೊಂದು ಮೆಲ್ಲಗೆ. 1890ರ ದಶಕದ ಕೊನೆಯಲ್ಲಿ, ಹಲವು ವರ್ಷಗಳಿಂದ ತಾವೇ ನೋಡುತ್ತಿದ್ದ, ಕವಾಟ ಕಿರಿದಾಗಿದ್ದ ಒಬ್ಬ ಹೆಂಗಸಿನ ನಾಡಿ ಇದ್ದಕ್ಕಿದ್ದಂತೆ ಹೀಗಾದದ್ದನ್ನು ಅವರು ಕಂಡರು. ಅದೇ ಹೊತ್ತಿಗೆ ಕುತ್ತಿಗೆಯ ಗೆರೆಯಲ್ಲಿ ಮೇಲಿನ ಕೋಣೆಯ ಗುರುತು ಮಾಯವಾಗಿತ್ತು. ಮೇಲಿನ ಕೋಣೆ ಬಡಿಯುವುದನ್ನೇ ಬಿಟ್ಟಿದೆ ಎಂದು ಅವರು ಸರಿಯಾಗಿಯೇ ಗುರುತಿಸಿದರು. ಅದು ನಿಜಕ್ಕೂ ಏನು ಎಂಬ ಅವರ ವಿವರಣೆ ಮಾತ್ರ ತಪ್ಪಾಗಿತ್ತು. ಮೊದಲು ಮೇಲಿನ ಕೋಣೆಗೆ ಲಕ್ವ ಹೊಡೆದಿದೆ ಎಂದುಕೊಂಡರು, ಆಮೇಲೆ ಬೇರೆ ವಿವರಣೆ ಕೊಟ್ಟರು. 1909ರಲ್ಲಿ, ಮೆಕೆಂಜಿಯಿಂದಲೇ ಪ್ರೇರಣೆ ಪಡೆದಿದ್ದ ಯುವ ಡಾಕ್ಟರ್ ಥಾಮಸ್ ಲೂಯಿಸ್, ಹೊಸದಾಗಿ ಬಂದಿದ್ದ ಇಸಿಜಿ ಯಂತ್ರ ಹಿಡಿದು, ಮೇಲಿನ ಕೋಣೆ ಬಡಿಯುವ ಬದಲು ಅದುರುತ್ತಿರುತ್ತದೆ ಎಂದು ತೋರಿಸಿದರು. ಇದನ್ನೇ ಇವತ್ತು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತೇವೆ. ಶಿಷ್ಯನಂತಿದ್ದವನು ತನ್ನ ತಪ್ಪನ್ನು ತಿದ್ದಿದಾಗ ಮೆಕೆಂಜಿ ಅದನ್ನು ಒಪ್ಪಿಕೊಂಡರು.

ಹೂವಿನ ಗಿಡದ ಮದ್ದು ಯಾರಿಗೆ?

ಡಿಜಿಟಾಲಿಸ್ ಎಂಬ ಮದ್ದು ಅದಕ್ಕೂ ನೂರು ವರ್ಷ ಹಿಂದಿನದು. ಫಾಕ್ಸ್‌ಗ್ಲವ್ ಎಂಬ ಹೂವಿನ ಗಿಡದ ಎಲೆಯಿಂದ ಬರುವ ಇದರ ಬಗ್ಗೆ ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ಡಾಕ್ಟರ್ 1785ರಲ್ಲೇ ಪುಸ್ತಕ ಬರೆದಿದ್ದರು. ಆದರೆ ಅದು ಕೆಲವರಿಗೆ ಪವಾಡದಂತೆ ನಾಟುತ್ತಿತ್ತು, ಕೆಲವರಿಗೆ ಏನೂ ಮಾಡುತ್ತಿರಲಿಲ್ಲ. ಯಾಕೆ ಎಂದು ಗೊತ್ತಿರಲಿಲ್ಲ. ತಾಳ ತಪ್ಪಿ ಓಡುವ ಮೂರನೆಯ ಜಾತಿಯ ನಾಡಿಯಲ್ಲಿ ಇದು ಬಡಿತವನ್ನು ನಿಧಾನಗೊಳಿಸಿ ರೋಗಿಯನ್ನು ಎಬ್ಬಿಸಿ ಕೂರಿಸುತ್ತದೆ ಎಂದು ಮೆಕೆಂಜಿ ತೋರಿಸಿದರು. ಸೊನ್ನದ ಉದಾಹರಣೆಗೆ ಮರಳಿದರೆ, ಬಡಿತ ನಿಧಾನವಾದಷ್ಟೂ ಕಿರಿದಾದ ಗೇಟಿನಿಂದ ನೀರು ದಾಟಲು ಹೊತ್ತು ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗಿಡದಿಂದ ಬಂದ ಮದ್ದು ತಾನೇ ಎಂದು ಮನೆಯಲ್ಲಿ ಪ್ರಯೋಗ ಮಾಡಬೇಡಿ. ನಮ್ಮ ಕಡೆ ಗುಡಿಯ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಬೆಳೆಯುವ ಕಣಗಿಲೆಯಲ್ಲೂ ಇದೇ ಬಗೆಯ ವಿಷಾಂಶಗಳಿವೆ. ಅದರ ಬೀಜ, ಎಲೆ, ಬೇರು ಹೊಟ್ಟೆಗೆ ಹೋದರೆ ಹೃದಯದ ತಾಳ ತಪ್ಪಿ ಸಾವೇ ಬರಬಹುದು. ಮದ್ದಿಗೂ ವಿಷಕ್ಕೂ ಇರುವ ವ್ಯತ್ಯಾಸ ಪ್ರಮಾಣದ್ದು. ಆ ಪ್ರಮಾಣವನ್ನು ಅಳೆಯುವುದು ಡಾಕ್ಟರ್ ಕೆಲಸ.

ಊರಿನಿಂದ ಲಂಡನ್ನಿಗೆ, ಲಂಡನ್ನಿನಿಂದ ಮತ್ತೆ ಊರಿಗೆ

1902ರಲ್ಲಿ ಮೆಕೆಂಜಿ ನಾಡಿಯ ಬಗ್ಗೆ ಬರೆದ ಪುಸ್ತಕ ಹೊರಬಂತು. ಬರ್ನ್ಲಿಯ ಹೆಸರು ಕೇಳದ ಯುರೋಪಿನ ಪಂಡಿತರು ಬರ್ನ್ಲಿಯ ಕಡೆ ತಿರುಗಿ ನೋಡಿದರು. ತೀರಿಕೊಂಡ ರೋಗಿಗಳ ಹೃದಯಗಳನ್ನು ಅವರು ಲಂಡನ್ನಿನ ಅಂಗರಚನಾ ತಜ್ಞ ಆರ್ಥರ್ ಕೀತ್ ಅವರಿಗೆ ಪರೀಕ್ಷೆಗೆ ಕಳಿಸುತ್ತಿದ್ದರು. ಹೃದಯದ ತಾಳ ಎಲ್ಲಿ ಹುಟ್ಟುತ್ತದೆ ಎಂದು ಹುಡುಕುವ ಆಸಕ್ತಿ ಕೀತ್‌ಗೆ ಬಂದದ್ದರಲ್ಲಿ ಈ ಒಡನಾಟದ ಪಾಲೂ ಇದೆ. 1907ರಲ್ಲಿ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಆ ಜಾಗವನ್ನು, ಅಂದರೆ ಹೃದಯದ ಸ್ವಂತ ಪೇಸ್‌ಮೇಕರನ್ನು, ವಿವರಿಸಿದರು.

ಅದೇ 1907ರಲ್ಲಿ, 54ರ ವಯಸ್ಸಿನಲ್ಲಿ, ಮೆಕೆಂಜಿ ಬರ್ನ್ಲಿ ಬಿಟ್ಟು ಲಂಡನ್ನಿಗೆ ಹೋದರು. ಮರುವರ್ಷ ಹೃದಯ ರೋಗಗಳ ಬಗ್ಗೆ ದೊಡ್ಡ ಗ್ರಂಥ ಬಂತು. 1915ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಸರ್ ಪದವಿಯೂ ಬಂತು. ಮೊದಲ ಮಹಾಯುದ್ಧದ ಕಾಲದಲ್ಲಿ, ಹೃದಯದಲ್ಲಿ ಒಂದು ಸಣ್ಣ ಸದ್ದು ಕೇಳಿತೆಂದು ಗಟ್ಟಿಮುಟ್ಟಾದ ಯುವಕರನ್ನು ಹೃದ್ರೋಗಿಗಳೆಂದು ಬದಿಗೆ ಕೂರಿಸುವುದನ್ನು ಅವರು ವಿರೋಧಿಸಿದರು. ಸದ್ದು ಕೇಳಿ ತೀರ್ಪು ಕೊಡಬೇಡಿ, ಆ ಮನುಷ್ಯನಿಗೆ ಎಷ್ಟು ಕೆಲಸ ಮಾಡಲಾಗುತ್ತದೆ ನೋಡಿ ಎಂಬುದು ಅವರ ವಾದದ ಸಾರ.

ಹೆಸರು, ಹಣ ಎರಡೂ ಇದ್ದ ಲಂಡನ್ ಪ್ರಾಕ್ಟೀಸನ್ನು 1918ರಲ್ಲಿ ಬಿಟ್ಟು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಸಣ್ಣ ಊರಿಗೆ ಬಂದರು. ಅಲ್ಲಿನ ಊರ ಡಾಕ್ಟರುಗಳನ್ನೇ ಸೇರಿಸಿಕೊಂಡು ಸಂಶೋಧನಾ ಸಂಸ್ಥೆ ಕಟ್ಟಿದರು. ಕಾಯಿಲೆಯ ಶುರುವಾತು ಕಾಣುವುದು ಊರ ಡಾಕ್ಟರಿಗೆ, ದೊಡ್ಡ ಆಸ್ಪತ್ರೆಗೆ ಕಾಣುವುದು ಅದರ ಕೊನೆ ಎಂದು ಅವರು ನಂಬಿದ್ದರು.

1921: ಆ ಗರ್ಭಿಣಿಗೆ ಉತ್ತರ

ಬರ್ನ್ಲಿಯ ಆ ಹೆರಿಗೆಯಾಗಿ ಸುಮಾರು 40 ವರ್ಷ ಕಳೆದ ಮೇಲೆ, 1921ರಲ್ಲಿ, ಮೆಕೆಂಜಿ ಒಂದು ಪುಸ್ತಕ ಹೊರತಂದರು. ಅದರ ವಿಷಯ ಹೃದ್ರೋಗ ಮತ್ತು ಗರ್ಭಧಾರಣೆ.

ಬಡಿತ ತಪ್ಪಿತು, ಸದ್ದು ಕೇಳಿತು ಎಂಬಷ್ಟಕ್ಕೇ ಹೆಣ್ಣುಮಗಳೊಬ್ಬಳಿಗೆ ತಾಯ್ತನವನ್ನು ನಿರಾಕರಿಸುವುದು ತಪ್ಪು. ಹಾಗೆಯೇ, ಹೃದಯ ಸೋಲುತ್ತಿರುವ ಗುರುತುಗಳಿದ್ದಾಗ ಪರವಾಗಿಲ್ಲ ಎನ್ನುವುದೂ ತಪ್ಪು. ನೋಡಬೇಕಾದದ್ದು ಹೃದಯಕ್ಕೆ ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು. ಜೀವನಪೂರ್ತಿ ನಾಡಿ ನೋಡಿ ಅವರು ಕಂಡುಕೊಂಡದ್ದು ಇದು. ಈ ಲೇಖನದ ಮೊದಲಲ್ಲಿ ಹೇಳಿದ ಎರಡೂ ಬಗೆಯ ಫಾರ್ವರ್ಡ್‌ಗಳಿಗೆ ಇದೇ ಉತ್ತರ.

ಅವರಿಗೂ ಹೃದ್ರೋಗ ಇತ್ತು. ಎದೆನೋವು ವರ್ಷಗಳ ಕಾಲ ಕಾಡಿತು. ತಮ್ಮ ನೋವನ್ನೂ ರೋಗಿಗಳ ನೋವಿನಂತೆ ಗಮನಿಸಿದರು. 1925ರ ಜನವರಿ 26ರಂದು ಲಂಡನ್ನಿನಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಅವರ ಹೃದಯವನ್ನೇ ಪರೀಕ್ಷೆಗೆ ತೆಗೆದುಕೊಳ್ಳಲಾಯಿತು.

ಇವತ್ತು ಯಾವ ಬಡಿತಕ್ಕೆ ಏನು ಚಿಕಿತ್ಸೆ?

ಮೆಕೆಂಜಿಗೆ ಇದ್ದದ್ದು ನಾಡಿ, ಪಾಲಿಗ್ರಾಫ್ ಮತ್ತು ಡಿಜಿಟಾಲಿಸ್. ಇವತ್ತು ನಮ್ಮ ಕೈಯಲ್ಲಿ ಬಹಳಷ್ಟಿದೆ.

ಆಗೊಮ್ಮೆ ಈಗೊಮ್ಮೆ ಬಡಿತ ತಪ್ಪಿದಂತೆ ಅನ್ನಿಸುವುದು: ಗರ್ಭಿಣಿಯರಲ್ಲಿ ಇದು ಸಾಮಾನ್ಯ. ಹೃದಯ ಗಟ್ಟಿಯಾಗಿದ್ದರೆ ಸಾಮಾನ್ಯವಾಗಿ ಮದ್ದು ಬೇಡ. ರಕ್ತಹೀನತೆ, ಥೈರಾಯ್ಡ್ ಇದೆಯೇ ಎಂದು ಡಾಕ್ಟರ್ ನೋಡುತ್ತಾರೆ, ಏಕೆಂದರೆ ಅವೆರಡರಿಂದಲೂ ಎದೆ ಓಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಎಷ್ಟೋ ಸಲ ಎದೆ ಡವಡವಕ್ಕೆ ಮದ್ದು ಕಬ್ಬಿಣದ ಮಾತ್ರೆಯೇ.

ಇದ್ದಕ್ಕಿದ್ದಂತೆ ನಾಡಿ ತುಂಬಾ ವೇಗವಾಗಿ ಓಡಿ, ಇದ್ದಕ್ಕಿದ್ದಂತೆ ನಿಲ್ಲುವುದು: ಇದನ್ನು ಎಸ್‌ವಿಟಿ ಎನ್ನುತ್ತಾರೆ. ಉಸಿರು ಕಟ್ಟಿ ತಿಣುಕುವಂಥ ಸರಳ ಉಪಾಯವನ್ನು ಮೊದಲು ಡಾಕ್ಟರ್ ಮಾಡಿಸುತ್ತಾರೆ. ಅದಕ್ಕೂ ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಅಡೆನೊಸಿನ್ ಎಂಬ ಇಂಜೆಕ್ಷನ್ ಕೊಡುತ್ತಾರೆ. ಅದು ಮೈಯಲ್ಲಿ ಕೆಲವೇ ಸೆಕೆಂಡು ಇರುತ್ತದೆ, ಗರ್ಭಿಣಿಯರಿಗೂ ಕೊಡಬಹುದು.

ಏಟ್ರಿಯಲ್ ಫಿಬ್ರಿಲೇಶನ್: ಕವಾಟ ಕಿರಿದಾದವರಲ್ಲಿ ಇದು ಬಂದರೆ ತುರ್ತು. ಬಡಿತ ನಿಧಾನ ಮಾಡಲು ಮೆಟೊಪ್ರೊಲಾಲ್‌ನಂಥ ಮಾತ್ರೆ, ಬೇಕಾದರೆ ಡಿಗಾಕ್ಸಿನ್ ಕೊಡುತ್ತಾರೆ. ಡಿಗಾಕ್ಸಿನ್ ಎಂದರೆ ಮೆಕೆಂಜಿಯ ಡಿಜಿಟಾಲಿಸ್ ವಂಶದ್ದೇ ಮದ್ದು. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ, ಅದನ್ನು ತಡೆಯಲು ರಕ್ತ ತೆಳು ಮಾಡುವ ಮದ್ದೂ ಬೇಕು. ಹೆಪಾರಿನ್ ಇಂಜೆಕ್ಷನ್ ಮಗುವಿಗೆ ದಾಟುವುದಿಲ್ಲ.

ಕರೆಂಟ್ ಶಾಕ್: ಬಡಿತ ಓಡಿ ತಾಯಿಯ ಬಿಪಿ ಕುಸಿಯುತ್ತಿದ್ದರೆ, ಎದೆಯ ಮೇಲೆ ವಿದ್ಯುತ್ ಕೊಟ್ಟು ತಾಳವನ್ನು ಸರಿಪಡಿಸುತ್ತಾರೆ. ಇವತ್ತಿನ ರೂಪದಲ್ಲಿ ಇದನ್ನು 1962ರಲ್ಲಿ ಅಮೆರಿಕದ ಬರ್ನಾರ್ಡ್ ಲೌನ್ ಬಳಕೆಗೆ ತಂದರು. ಗರ್ಭದ ಯಾವ ತಿಂಗಳಲ್ಲಾದರೂ ಇದನ್ನು ಮಾಡಬಹುದು. ಮಗುವಿಗೆ ತಲುಪುವ ವಿದ್ಯುತ್ ತೀರಾ ಕಡಿಮೆ. ಮಗುವಿನ ಬಡಿತವನ್ನೂ ಡಾಕ್ಟರ್ ಗಮನಿಸುತ್ತಿರುತ್ತಾರೆ. ತಾಯಿಯ ಬಿಪಿ ಕುಸಿದರೆ ಮಗುವಿಗೆ ರಕ್ತವೇ ಹೋಗುವುದಿಲ್ಲ, ಹಾಗಾಗಿ ಅಂಥ ಹೊತ್ತಿನಲ್ಲಿ ಶಾಕ್ ಕೊಡದಿರುವುದೇ ಮಗುವಿಗೆ ಅಪಾಯ.

ಎಲ್ಲಾ ಮದ್ದೂ ಗರ್ಭಿಣಿಗೆ ಆಗುತ್ತದೆಯೇ? ಇಲ್ಲ. ಅಟೆನೊಲಾಲ್ ಅನ್ನು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಅಮಿಯೊಡಾರೋನ್ ಮಗುವಿನ ಥೈರಾಯ್ಡ್‌ಗೆ ತೊಂದರೆ ಮಾಡಬಹುದು, ಬೇರೆ ದಾರಿ ಇಲ್ಲದಾಗ ಮಾತ್ರ ಕೊಡುತ್ತಾರೆ. ವಾರ್ಫರಿನ್ ಮೊದಲ ಮೂರು ತಿಂಗಳಲ್ಲಿ ಮಗುವಿನ ಬೆಳವಣಿಗೆಗೆ ಅಡ್ಡಿ ಮಾಡಬಹುದು. ಆದರೆ ಇದರರ್ಥ ಬಸುರಿ ಎಂದು ಗೊತ್ತಾದ ದಿನ ಮಾತ್ರೆಯನ್ನು ತಾವೇ ನಿಲ್ಲಿಸಬೇಕು ಎಂದಲ್ಲ. ಕೃತಕ ಕವಾಟ ಹಾಕಿಸಿಕೊಂಡವರು ರಕ್ತ ತೆಳು ಮಾಡುವ ಮದ್ದನ್ನು ದಿಢೀರ್ ನಿಲ್ಲಿಸಿದರೆ ಕವಾಟದ ಮೇಲೆಯೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬರಬಹುದು. ಮಾತ್ರೆ ಬದಲಿಸುವುದು ಡಾಕ್ಟರ್, ಅದೂ ಸಾಧ್ಯವಾದರೆ ಮಗು ಬೇಕೆಂದು ಯೋಚಿಸುವಾಗಲೇ.

ಇನ್ನೊಂದು ಸಂಗತಿ ಮೆಕೆಂಜಿಗೂ ಅಚ್ಚರಿ ತರಿಸುತ್ತಿತ್ತೇನೋ. ಕೆಲವೊಮ್ಮೆ ಹೊಟ್ಟೆಯಲ್ಲಿರುವ ಮಗುವಿನ ಹೃದಯವೇ ವಿಪರೀತ ವೇಗವಾಗಿ ಓಡುತ್ತದೆ. ಆಗ ಡಿಗಾಕ್ಸಿನ್ ಅನ್ನು ತಾಯಿಗೆ ಕೊಡುತ್ತಾರೆ. ಅದು ಮಾಸಿನ ಮೂಲಕ ದಾಟಿ ಮಗುವಿನ ಬಡಿತವನ್ನು ಸರಿಪಡಿಸುತ್ತದೆ. ಹಾರ್ಟಿನ ಮಾತ್ರೆ ಎಂದರೆ ಮಗುವಿಗೆ ವಿಷ ಎನ್ನುವ ಫಾರ್ವರ್ಡ್‌ಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಏನು ಮಾಡಬೇಕು?

ಬರ್ನ್ಲಿಯ ಆ ಗರ್ಭಿಣಿಗೆ ಬೇಕಿದ್ದದ್ದು ಮೊದಲೇ ಗೊತ್ತಾಗುವುದು. ಅದು ಇವತ್ತು ಆಳಂದದಲ್ಲೂ, ಅಫಜಲಪುರದಲ್ಲೂ, ಜೇವರ್ಗಿಯಲ್ಲೂ ಸಾಧ್ಯ.

ಚಿಕ್ಕಂದಿನಲ್ಲಿ ಕೀಲು ಬಾವಿನ ಜ್ವರ ಬಂದಿತ್ತೇ, ಹೃದಯದ ಆಪರೇಷನ್ ಆಗಿದೆಯೇ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡಿದ್ದಾರೆಯೇ ಎಂಬುದನ್ನು ಮೊದಲ ತಪಾಸಣೆಯಲ್ಲೇ ಆಶಾ ಅಕ್ಕನಿಗೆ, ಡಾಕ್ಟರ್‌ಗೆ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ. ಸೊಸೆಯ ತವರಿನವರಿಗೆ ಇದು ಗೊತ್ತಿರುತ್ತದೆ. ಮದುವೆ ಹೊತ್ತಿಗೆ ಮುಚ್ಚಿಟ್ಟ ವಿಷಯವಾದರೂ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ಅತ್ತೆ ಮನೆಯವರೂ ಇದನ್ನು ದೋಷದಂತೆ ನೋಡಬೇಡಿ. ಪ್ರತಿ ತಿಂಗಳ 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ನಾಡಿಯ ತಾಳ ಸರಿ ಇಲ್ಲ ಅನ್ನಿಸಿದರೆ ಇಸಿಜಿ ಮಾಡಿಸಿ, ಅದರಿಂದ ಮಗುವಿಗೆ ಏನೂ ಆಗುವುದಿಲ್ಲ. ಕವಾಟ ನೋಡಲು ಮಾಡುವ ಎಕೋ ಪರೀಕ್ಷೆಯೂ ಹಾಗೆಯೇ, ಅದು ಹೊಟ್ಟೆಯ ಸ್ಕ್ಯಾನಿಂಗ್‌ನಂತೆ ಶಬ್ದದ ಅಲೆಗಳಿಂದ ಮಾಡುವಂಥದ್ದು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯೂ ಇದೆ. ಕವಾಟದ ತೊಂದರೆ ಇದ್ದವರ ಹೆರಿಗೆ ಎಲ್ಲಿ ಎಂಬುದನ್ನು ದಿನ ತುಂಬುವ ಮೊದಲೇ ತೀರ್ಮಾನಿಸಿಕೊಳ್ಳಿ. ನೋವು ಶುರುವಾದ ಮೇಲೆ ದಾರಿಯಲ್ಲಿ ಕಳೆಯುವ ಹೊತ್ತು ಬಹಳ ದುಬಾರಿ.

ಈ ಗುರುತುಗಳಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ:

– ಮಲಗಿದರೆ ಉಸಿರು ಕಟ್ಟುವುದು, ರಾತ್ರಿ ಎದ್ದು ಕೂತರಷ್ಟೇ ಉಸಿರಾಡಲು ಆಗುವುದು
– ಎದೆ ಓಡುವುದರ ಜೊತೆ ತಲೆಸುತ್ತು, ಎಚ್ಚರ ತಪ್ಪುವುದು ಅಥವಾ ಎದೆನೋವು
– ಕೂತಾಗಲೂ ನಿಲ್ಲದೆ ಓಡುತ್ತಲೇ ಇರುವ ಅಥವಾ ತಾಳವೇ ಇಲ್ಲದ ನಾಡಿ
– ಕೆಮ್ಮಿದಾಗ ನೊರೆ ಅಥವಾ ರಕ್ತ ಬರುವುದು
– ಮಾತು ತೊದಲುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಶಕ್ತಿ ಕಳೆದುಕೊಳ್ಳುವುದು

ಹೆರಿಗೆಯಾದ ಮೇಲೂ ಇದೇ ಲೆಕ್ಕ. ಬಾಣಂತಿ ಕೋಣೆಯಲ್ಲಿ ಮಲಗಿದವಳಿಗೆ ಏದುಸಿರು ಬಂದರೆ ಥಂಡಿ ಹಿಡಿದಿದೆ ಎಂದು ಕಷಾಯ ಕೊಟ್ಟು ಕೂರಬೇಡಿ. ಮಲಗಲು ಆಗದ ಏದುಸಿರು ಥಂಡಿಯಲ್ಲ.

ಒಟ್ಟಾರೆ ನಮ್ಮ ತೀರ್ಮಾನ ಇಷ್ಟು. ಬಸುರಿಯಲ್ಲಿ ತಪ್ಪುವ ಬಡಿತಗಳಲ್ಲಿ ಹೆಚ್ಚಿನವು ನಿರಪಾಯಕಾರಿ, ಕೆಲವು ಅಪಾಯಕಾರಿ. ಯಾವುದು ಯಾವುದೆಂದು ವಾಟ್ಸಾಪ್ ಹೇಳಲಾರದು, ಇಸಿಜಿ ಹೇಳುತ್ತದೆ. ಅಪಾಯಕಾರಿಯಾದವಕ್ಕೆ ಗರ್ಭದಲ್ಲೂ ಚಿಕಿತ್ಸೆ ಇದೆ, ಅದು ತಾಯಿ ಮಗು ಇಬ್ಬರನ್ನೂ ಉಳಿಸಲಿಕ್ಕೇ ಇರುವಂಥದ್ದು. ಬರ್ನ್ಲಿಯ ಆ ಮನೆಯಲ್ಲಿ ಡಾಕ್ಟರ್ ಪಕ್ಕದಲ್ಲೇ ಇದ್ದೂ ಉಪಯೋಗವಾಗಲಿಲ್ಲ, ಏಕೆಂದರೆ ತಿಳಿವಳಿಕೆ ಇರಲಿಲ್ಲ. ಇವತ್ತು ತಿಳಿವಳಿಕೆ ಇದೆ, ಡಾಕ್ಟರ್ ಹತ್ತಿರ ಹೋಗುವುದೊಂದೇ ಬಾಕಿ. ಮುಂದಿನ ಸಲ ಅಂಥ ಫಾರ್ವರ್ಡ್ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ, ಇದನ್ನು ಕಳಿಸಿ.